ದೂರದವರಿಗೆ ಹೂ ಕಳುಹಿಸುವುದು: ನಂಬಿಕಸ್ತ ಹೂವಿನಂಗಡಿಯನ್ನು ಗುರುತಿಸಿ ಆರ್ಡರ್ ಕೊಡುವ ಸಮಗ್ರ ಮಾರ್ಗದರ್ಶಿ

ಹೂ ಕಳುಹಿಸಿದವರು ತಾವು ಕಳುಹಿಸಿದ ಹೂವನ್ನು ಬಹುಮಟ್ಟಿಗೆ ಕಣ್ಣಾರೆ ನೋಡುವುದೇ ಇಲ್ಲ. ಹಣ ಕೊಟ್ಟವರು ಒಂದು ಊರಿನಲ್ಲಿ, ಹೂ ಪಡೆಯುವವರು ಇನ್ನೊಂದು ಊರಿನಲ್ಲಿ, ಗುಚ್ಛ ಕಟ್ಟುವವರು ಇಬ್ಬರಿಗೂ ಅಪರಿಚಿತರು. ಹೂ ಬಾಡಿದ್ದರೂ, ಸೊರಗಿದ್ದರೂ, ಪಡೆದವರು ಸೌಜನ್ಯಕ್ಕಾಗಿ ‘ತುಂಬ ಚೆನ್ನಾಗಿತ್ತು’ ಎಂದೇ ಹೇಳುತ್ತಾರೆ. ಈ ವ್ಯಾಪಾರದಲ್ಲಿ ಅಸಡ್ಡೆಗೂ ಮೋಸಕ್ಕೂ ಇಷ್ಟೊಂದು ಅವಕಾಶವಿರುವುದು ಈ ಕಾರಣಕ್ಕೇ. ಆದ್ದರಿಂದ ಯಾವ ಹೂ ಎಂದು ಯೋಚಿಸುವುದಕ್ಕೆ ಮೊದಲು ಯಾರ ಕೈಯಿಂದ ಎಂದು ಯೋಚಿಸಬೇಕು. ಹೂ ತಲುಪಬೇಕಾದ ಊರಿನಲ್ಲಿಯೇ ಇರುವ, ತಾನೇ ಹೂ ಕೊಂಡು ತಾನೇ ಗುಚ್ಛ ಕಟ್ಟುವ ಅಂಗಡಿಯನ್ನು ಹುಡುಕಿ, ಅವರೊಂದಿಗೆ ನೇರವಾಗಿ ಮಾತನಾಡಿ ಆರ್ಡರ್ ಕೊಡುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲು ಆರ್ಡರ್ ಸಾಗುವ ದಾರಿ ತಿಳಿದಿರಲಿ

ಬೇರೆ ಊರಿಗೆ ಹೂ ತಲುಪಿಸುವ ವ್ಯವಸ್ಥೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು. ಜರ್ಮನಿಯಲ್ಲಿ 1908ರಲ್ಲಿ ಆರಂಭವಾದ ಫ್ಲೂರೋಪ್ ಜಾಲವೂ, ಅಮೆರಿಕದಲ್ಲಿ 1910ರಲ್ಲಿ ಹೂವಿನಂಗಡಿಯವರೇ ಒಟ್ಟುಗೂಡಿ ಕಟ್ಟಿಕೊಂಡ ಎಫ್‌ಟಿಡಿ ಸಂಘಟನೆಯೂ ಒಂದೇ ತತ್ತ್ವದ ಮೇಲೆ ನಿಂತಿದ್ದವು: ನಿಮ್ಮ ಊರಿನ ಅಂಗಡಿ ಆರ್ಡರನ್ನು ಬರೆದುಕೊಂಡು ಹೂ ತಲುಪಬೇಕಾದ ಊರಿನ ಸದಸ್ಯ ಅಂಗಡಿಗೆ ತಿಳಿಸುತ್ತದೆ, ಅಲ್ಲಿಯವರು ಗುಚ್ಛ ಕಟ್ಟಿ ಮನೆಗೆ ಮುಟ್ಟಿಸುತ್ತಾರೆ. ತಂತಿ ಸಂದೇಶಗಳ ಕಾಲದಲ್ಲಿ ಹುಟ್ಟಿದ ಈ ಏರ್ಪಾಡಿನಲ್ಲಿ ಎರಡೂ ಕಡೆ ನಿಜವಾದ ಅಂಗಡಿಗಳಿದ್ದವು, ಎರಡೂ ಕಡೆಯವರಿಗೆ ತಮ್ಮ ಹೆಸರಿನ ಚಿಂತೆಯಿತ್ತು. ಇಂದಿಗೂ ಇಂತಹ ಜಾಲಗಳು ಕೆಲಸ ಮಾಡುತ್ತಿವೆ.

ಇದರ ಪಕ್ಕದಲ್ಲಿ ಈಗ ಇನ್ನೊಂದು ಬಗೆ ಬೆಳೆದಿದೆ. ಒಂದೇ ಒಂದು ಹೂವನ್ನೂ ಮುಟ್ಟದ, ಅಂಗಡಿಯೇ ಇಲ್ಲದ ಕೆಲವು ಜಾಲತಾಣಗಳು ‘ನಿಮ್ಮ ಊರಿನ ಹೂವಿನಂಗಡಿ’ ಎಂದು ಜಾಹೀರಾತು ಕೊಟ್ಟು ಆರ್ಡರ್ ಹಿಡಿಯುತ್ತವೆ. ನೀವು ಕೊಟ್ಟ ಹಣದಲ್ಲಿ ತಮ್ಮ ಕಮಿಷನ್ ಮತ್ತು ಸೇವಾ ಶುಲ್ಕವನ್ನು ಮುರಿದುಕೊಂಡು, ಉಳಿದದ್ದನ್ನು ಸ್ಥಳೀಯ ಅಂಗಡಿಯೊಂದಕ್ಕೆ ದಾಟಿಸುತ್ತವೆ. ಆ ಅಂಗಡಿಯವರು ಕೈಗೆ ಬಂದಷ್ಟು ಹಣಕ್ಕೆ ಸರಿಯಾಗಿ ಹೂ ಹಾಕಬೇಕಾಗುತ್ತದೆ. ಚಿತ್ರದಲ್ಲಿ ತುಂಬಿ ತುಳುಕುವ ಗುಚ್ಛ, ಬಾಗಿಲಿಗೆ ಬಂದದ್ದು ನಾಲ್ಕು ಹೂವು, ಒಂದಿಷ್ಟು ಸೊಪ್ಪು ಎಂಬ ದೂರುಗಳ ಬೇರು ಹಲವು ಸಲ ಇಲ್ಲಿಯೇ ಇರುತ್ತದೆ. ಇಲ್ಲಿ ಕೆಟ್ಟ ಹೆಸರು ಬರುವುದು ಮಾತ್ರ ಗುಚ್ಛ ಕಟ್ಟಿದ ಸ್ಥಳೀಯ ಅಂಗಡಿಗೆ. ಇದು ನಿಜಕ್ಕೂ ಅನ್ಯಾಯ. ಮಧ್ಯವರ್ತಿ ತಾಣಗಳೆಲ್ಲ ಮೋಸದವೇ ಎಂದು ನಾನು ಹೇಳುತ್ತಿಲ್ಲ. ತಾವು ಮಧ್ಯವರ್ತಿಗಳೆಂದು ಮುಚ್ಚುಮರೆಯಿಲ್ಲದೆ ಹೇಳಿ, ಕಟ್ಟುವ ಅಂಗಡಿಯ ಹೆಸರನ್ನೂ ತೋರಿಸುವ ತಾಣಗಳಿವೆ. ತಮ್ಮ ಗುರುತನ್ನು ಮರೆಸುವವರಿಂದ ಮಾತ್ರ ದೂರವಿರಬೇಕು.

ಮೂರನೆಯ ಬಗೆಯೆಂದರೆ ಪೆಟ್ಟಿಗೆಯಲ್ಲಿಟ್ಟು ಕೊರಿಯರ್ ಮೂಲಕ ಕಳುಹಿಸುವ ಹೂವು. ಇವು ಸಾಮಾನ್ಯವಾಗಿ ಮೊಗ್ಗಿನ ಹಂತದಲ್ಲಿ ಬರುತ್ತವೆ, ಪಡೆದವರೇ ದಂಟು ಕತ್ತರಿಸಿ, ಹೂದಾನಿಯಲ್ಲಿ ಜೋಡಿಸಿ, ಅರಳುವವರೆಗೆ ಒಂದೆರಡು ದಿನ ಕಾಯಬೇಕು. ಹೂವಿನ ಒಡನಾಟ ಇಷ್ಟಪಡುವವರಿಗೆ ಇದು ಒಳ್ಳೆಯ ಉಡುಗೊರೆ. ಕಾಯಿಲೆಯವರಿಗೆ, ವಯಸ್ಸಾದವರಿಗೆ, ದುಃಖದಲ್ಲಿರುವ ಮನೆಗೆ ಇದನ್ನು ಕಳುಹಿಸಬೇಡಿ. ಅವರ ಕೈಗೆ ಕತ್ತರಿ ಕೊಟ್ಟು ಕೆಲಸ ಹಚ್ಚಿದಂತಾಗುತ್ತದೆ.

ಅಂಗಡಿಯನ್ನು ಹುಡುಕುವುದು

ಹುಡುಕಾಟದ ಪುಟದಲ್ಲಿ ಮೊದಲು ಕಾಣುವ ಮೂರು ನಾಲ್ಕು ಹೆಸರುಗಳು ಬಹಳಷ್ಟು ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ಅವನ್ನು ಬಿಟ್ಟು ಮೊಬೈಲಿನ ನಕಾಶೆ ತೆರೆಯಿರಿ, ಹೂ ಪಡೆಯುವವರ ವಿಳಾಸವನ್ನು ಹಾಕಿ, ಅದರ ಸುತ್ತಮುತ್ತ ಇರುವ ಹೂವಿನಂಗಡಿಗಳನ್ನು ನೋಡಿ. ಆ ಊರಿನಲ್ಲಿ ಪರಿಚಯದವರಿದ್ದರೆ ಅವರನ್ನು ಕೇಳುವುದು ಇದಕ್ಕಿಂತಲೂ ಉತ್ತಮ. ಪರಿಚಯದವರಿಲ್ಲದಿದ್ದರೆ ಅಲ್ಲಿನ ಹೋಟೆಲಿನ ಸ್ವಾಗತ ಕೌಂಟರಿಗೋ ಸಭಾಂಗಣದ ಕಚೇರಿಗೋ ಫೋನ್ ಮಾಡಿ, ಅವರು ತಮ್ಮ ಕಾರ್ಯಕ್ರಮಗಳಿಗೆ ಹೂವನ್ನು ಯಾರಿಂದ ತರಿಸುತ್ತಾರೆ ಎಂದು ವಿಚಾರಿಸಬಹುದು. ನಿತ್ಯವೂ ಹೂ ಕೊಳ್ಳುವವರು ಕೆಟ್ಟ ಅಂಗಡಿಯನ್ನು ಬಹುಕಾಲ ಇಟ್ಟುಕೊಳ್ಳುವುದಿಲ್ಲ.

ಹೀಗೆ ಸಿಕ್ಕ ಮೂರು ನಾಲ್ಕು ಅಂಗಡಿಗಳನ್ನು ಪರೀಕ್ಷಿಸಬೇಕು. ವಿಳಾಸ ಪೂರ್ಣವಾಗಿದೆಯೇ, ಆ ವಿಳಾಸದಲ್ಲಿ ನಿಜವಾಗಿ ಅಂಗಡಿಯಿದೆಯೇ ಎಂಬುದನ್ನು ನಕಾಶೆಯ ಬೀದಿ ಚಿತ್ರಗಳಲ್ಲಿ ನೋಡಿ. ಬೋರ್ಡಿನ ಮೇಲಿನ ಹೆಸರೂ ತಾಣದ ಹೆಸರೂ ಒಂದೇ ಆಗಿರಬೇಕು. ಫೋನ್ ನಂಬರನ್ನು ಹುಡುಕಾಟದಲ್ಲಿ ಹಾಕಿ ನೋಡಿದಾಗ ಅದೇ ನಂಬರು ಹತ್ತಾರು ಊರುಗಳ ಬೇರೆ ಬೇರೆ ಹೆಸರಿನ ‘ಅಂಗಡಿ’ಗಳಿಗೆ ಹೊಂದಿಕೊಂಡಿದ್ದರೆ ಅದು ಅಂಗಡಿಯಲ್ಲ, ಕಾಲ್ ಸೆಂಟರ್. ತಾಣದಲ್ಲಿ ಪ್ರತಿ ಊರಿಗೂ ಒಂದೊಂದು ಪುಟವಿದ್ದು, ಊರಿನ ಹೆಸರೊಂದನ್ನು ಬಿಟ್ಟು ಉಳಿದ ಸಾಲುಗಳೆಲ್ಲ ಅಕ್ಷರಶಃ ಒಂದೇ ಆಗಿದ್ದರೆ ಅದೂ ಇದೇ ಬಗೆಯ ಸೂಚನೆ.

ಚಿತ್ರಗಳು ಹೇಳುವಷ್ಟನ್ನು ಬರಹ ಹೇಳುವುದಿಲ್ಲ. ತಾನೇ ಹೂ ಕಟ್ಟುವ ಅಂಗಡಿಯವರು ತಮ್ಮ ಕೆಲಸದ ಫೋಟೋಗಳನ್ನು ತಾವೇ ತೆಗೆದು ಹಾಕುತ್ತಾರೆ. ಅವುಗಳಲ್ಲಿ ಅದೇ ಮೇಜು, ಅದೇ ಗೋಡೆ, ಅದೇ ಬಣ್ಣದ ಕಾಗದ ಮತ್ತೆ ಮತ್ತೆ ಕಾಣುತ್ತವೆ, ಕೆಲವು ಸ್ವಲ್ಪ ಮಸುಕಾಗಿಯೂ ಇರುತ್ತವೆ. ಬಿಳಿ ಹಿನ್ನೆಲೆಯಲ್ಲಿ ದೋಷವೇ ಇಲ್ಲದ ಚಿತ್ರಗಳು ಮಾತ್ರ ಇದ್ದರೆ, ಒಂದನ್ನು ಆಯ್ದು ಚಿತ್ರ ಹುಡುಕಾಟಕ್ಕೆ ಹಾಕಿ. ಅದೇ ಚಿತ್ರ ಇನ್ನೂ ಹತ್ತು ತಾಣಗಳಲ್ಲಿ ಕಂಡರೆ, ಇಲ್ಲಿ ಮಾರಾಟಕ್ಕಿರುವುದು ಅವರ ಕೈಕೆಲಸವಲ್ಲ ಎಂದು ತಿಳಿಯಬೇಕು. ಸಾಮಾಜಿಕ ಜಾಲತಾಣದಲ್ಲಿ ಅಂಗಡಿಯ ಪುಟವಿದ್ದರೆ, ಕಳೆದ ಕೆಲವು ವಾರಗಳ ಫೋಟೋಗಳನ್ನು ನೋಡಿ. ಅವರ ಕೈ ಯಾವ ಬಗೆಯದು, ಬಣ್ಣಗಳನ್ನು ಹೇಗೆ ಕೂಡಿಸುತ್ತಾರೆ, ಹೂವಿಗಿಂತ ಪ್ಲಾಸ್ಟಿಕ್ ಹಾಳೆಯೇ ಹೆಚ್ಚೋ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ.

ವಿಮರ್ಶೆಗಳ ವಿಷಯದಲ್ಲಿ ಒಟ್ಟು ನಕ್ಷತ್ರಗಳ ಸರಾಸರಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎರಡು, ಮೂರು, ನಾಲ್ಕು ನಕ್ಷತ್ರ ಕೊಟ್ಟವರ ಮಾತುಗಳನ್ನೂ, ಹೂ ಪಡೆದವರೇ ಫೋಟೋ ಸಹಿತ ಬರೆದದ್ದನ್ನೂ ನಿಧಾನವಾಗಿ ಓದಿ. ‘ಹೂ ತಡವಾಯಿತು’ ಎಂಬ ದೂರಿಗಿಂತ, ಆ ದೂರಿಗೆ ಅಂಗಡಿಯವರು ಏನು ಉತ್ತರಿಸಿದ್ದಾರೆ ಎಂಬುದು ಮುಖ್ಯ. ಒಂದೇ ವಾರದಲ್ಲಿ ಸಾಲಾಗಿ ಬಂದ, ಹೂವಿನ ಹೆಸರನ್ನೂ ಸಂದರ್ಭವನ್ನೂ ಹೇಳದ ಹೊಗಳಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಫೋನ್ ಮಾಡಿ ಮಾತನಾಡುವುದು

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎಲ್ಲ ಹಂತಗಳಲ್ಲಿ ಇದಕ್ಕೇ ಹೆಚ್ಚು ಬೆಲೆಯಿದೆ ಎಂದು ನಾನು ನಂಬುತ್ತೇನೆ. ಐದು ನಿಮಿಷದ ಮಾತಿನಲ್ಲಿ ಎದುರಿಗಿರುವವರು ಹೂವಿನ ನಡುವೆ ನಿಂತಿದ್ದಾರೋ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೋ ಎಂಬುದು ತಿಳಿದುಹೋಗುತ್ತದೆ. ಮೊದಲ ಪ್ರಶ್ನೆ ‘ಇವತ್ತು ನಿಮ್ಮಲ್ಲಿ ಯಾವ ಹೂ ಚೆನ್ನಾಗಿದೆ?’ ಎಂಬುದಾಗಿರಲಿ. ನಿಜವಾದ ಅಂಗಡಿಯವರು ಪಕ್ಕಕ್ಕೆ ತಿರುಗಿ ನೋಡಿ ಉತ್ತರಿಸುತ್ತಾರೆ: ಗುಲಾಬಿ ಇನ್ನೂ ಬಿಗಿಯಾಗಿದೆ, ಲಿಲ್ಲಿ ನಾಳೆ ಬರುತ್ತದೆ, ಕಾರ್ನೇಷನ್ ಈ ಸಲ ಬೇಡ ಎನ್ನುತ್ತಾರೆ. ‘ಎಲ್ಲವೂ ಇದೆ, ತಾಣದಲ್ಲಿರುವ ಕೋಡ್ ಸಂಖ್ಯೆ ಹೇಳಿ’ ಎಂಬ ಉತ್ತರ ಬಂದರೆ ವಂದಿಸಿ ಫೋನ್ ಇಡಬಹುದು.

ಅನಂತರ ಗುಚ್ಛವನ್ನು ನೀವೇ ಕಟ್ಟುತ್ತೀರಾ, ತಲುಪಿಸುವವರು ನಿಮ್ಮವರೇ ಎಂದು ಕೇಳಿ. ಹೊಸ ಹೂ ಯಾವ ದಿನಗಳಲ್ಲಿ ಬರುತ್ತದೆ ಎಂದು ಕೇಳಿ, ಸಾಧ್ಯವಾದರೆ ನಿಮ್ಮ ದಿನಾಂಕವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಹೂವನ್ನು ತಣ್ಣಗೆ ಇಡುವ ವ್ಯವಸ್ಥೆಯ ಬಗ್ಗೆಯೂ ವಿಚಾರಿಸಿ: ಗುಲಾಬಿ, ಕಾರ್ನೇಷನ್, ಟ್ಯೂಲಿಪ್‌ಗಳಂತಹ ಹೂಗಳು ಸೊನ್ನೆಗಿಂತ ಸ್ವಲ್ಪ ಮೇಲೆ, 1ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಚೆನ್ನಾಗಿ ಉಳಿಯುತ್ತವೆ, ಆದರೆ ಆಂಥೂರಿಯಂ ಮತ್ತು ಹಲವು ಆರ್ಕಿಡ್‌ಗಳಂತಹ ಉಷ್ಣವಲಯದ ಹೂಗಳು ಅಷ್ಟು ಚಳಿಯಲ್ಲಿ ಕಪ್ಪಿಟ್ಟು ಕೆಡುತ್ತವೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವುದಿಲ್ಲ ಎಂದು ತಾವಾಗಿಯೇ ಹೇಳುವ ಅಂಗಡಿಯವರಿಗೆ ಕಸುಬು ಗೊತ್ತಿದೆ ಎಂದರ್ಥ.

ಹೇಳಿದ ಹೂ ಸಿಗದಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಮರೆಯಬೇಡಿ. ಹೂ ಬೆಳೆಯ ಮೇಲೆ ಮಳೆ, ಬಿಸಿಲು, ಸಾಗಣೆಗಳ ನೆರಳು ಸದಾ ಇರುವುದರಿಂದ ಬದಲಿ ಹೂ ಹಾಕುವುದು ತಪ್ಪಲ್ಲ. ನಿಮಗೆ ತಿಳಿಸದೆ ಹಾಕುವುದು ತಪ್ಪು. ಬದಲಿ ಹೂವು ಅದೇ ಬಣ್ಣದ್ದು, ಅಷ್ಟೇ ಬೆಲೆಯದು ಅಥವಾ ಹೆಚ್ಚಿನದು ಆಗಿರಬೇಕು, ಬದಲಿಸುವ ಮುನ್ನ ಒಂದು ಸಂದೇಶ ಕಳುಹಿಸಬೇಕು ಎಂದು ಸ್ಪಷ್ಟವಾಗಿ ಹೇಳಿ. ಕೊನೆಯದಾಗಿ, ಗುಚ್ಛ ಅಂಗಡಿಯಿಂದ ಹೊರಡುವ ಮೊದಲು ಅದರ ಫೋಟೋ ಕಳುಹಿಸುವಿರಾ ಎಂದು ಕೇಳಿ. ಕೈಕೆಲಸದ ಮೇಲೆ ವಿಶ್ವಾಸವಿರುವವರು ಇದಕ್ಕೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.

ಹೂವಿನ ಆಯ್ಕೆ

ತಾಣದ ಚಿತ್ರವೊಂದನ್ನು ತೋರಿಸಿ ‘ಇದೇ ಬೇಕು’ ಎನ್ನುವುದಕ್ಕಿಂತ, ನಿಮ್ಮ ಹಣದ ಮಿತಿ, ಸಂದರ್ಭ, ಇಷ್ಟದ ಬಣ್ಣ, ಬೇಡದ ಹೂ ಇಷ್ಟನ್ನು ಹೇಳಿ ಆಯ್ಕೆಯನ್ನು ಕಟ್ಟುವವರಿಗೆ ಬಿಡುವುದು ಲೇಸು. ಆಗ ಆ ದಿನ ಅಂಗಡಿಯಲ್ಲಿ ಅತ್ಯಂತ ತಾಜಾ ಇರುವ ಹೂವು ನಿಮ್ಮ ಗುಚ್ಛಕ್ಕೆ ಬರುತ್ತದೆ, ಅಷ್ಟೇ ಹಣಕ್ಕೆ ಹೂವಿನ ಸಂಖ್ಯೆಯೂ ಹೆಚ್ಚುತ್ತದೆ. ನೀವು ಚಿತ್ರ ನೋಡಿಯೇ ಆರಿಸುವುದಾದರೆ ಒಂದು ಎಚ್ಚರಿಕೆ ಬೇಕು: ಒಂದೇ ಗುಚ್ಛಕ್ಕೆ ಮೂರು ಗಾತ್ರಗಳಿರುವ ತಾಣಗಳಲ್ಲಿ ಚಿತ್ರ ಅತಿ ದೊಡ್ಡ ಗಾತ್ರದ್ದಾಗಿದ್ದು, ದೊಡ್ಡಕ್ಷರದಲ್ಲಿ ಕಾಣುವ ಬೆಲೆ ಅತಿ ಚಿಕ್ಕ ಗಾತ್ರದ್ದಾಗಿರುವುದು ಸಾಮಾನ್ಯ. ಹೂವಿನ ಸಂಖ್ಯೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಬಾಳಿಕೆಯಲ್ಲಿ ಹೂವಿನಿಂದ ಹೂವಿಗೆ ಬಹಳ ವ್ಯತ್ಯಾಸವಿದೆ. ಚೆನ್ನಾಗಿ ನೋಡಿಕೊಂಡರೆ ಕಾರ್ನೇಷನ್, ಸೇವಂತಿಗೆ, ಆಲ್‌ಸ್ಟ್ರೋಮೀರಿಯಾಗಳು ಎರಡು ವಾರದ ತನಕ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಿಲ್ಲುತ್ತವೆ. ಗುಲಾಬಿ ಒಂದು ವಾರದ ಆಸುಪಾಸು, ಟ್ಯೂಲಿಪ್ ಅದಕ್ಕಿಂತಲೂ ಕಡಿಮೆ. ಟ್ಯೂಲಿಪ್ ದಂಟು ಕತ್ತರಿಸಿದ ಮೇಲೂ ಹೂದಾನಿಯಲ್ಲಿ ಬೆಳೆಯುತ್ತಾ ಬೆಳಕಿನತ್ತ ಬಾಗುತ್ತದೆ. ಅದನ್ನು ಕಂಡು ಹೂ ಹಾಳಾಯಿತೆಂದು ಭಾವಿಸಬಾರದು. ಹೈಡ್ರೇಂಜಿಯಾ ನೋಡಲು ಸೊಗಸಾದರೂ ನೀರು ಸ್ವಲ್ಪ ಕಡಿಮೆಯಾದರೆ ತಕ್ಷಣ ಜೋಲು ಬೀಳುತ್ತದೆ. ಬಿಸಿಲಿನ ಕಾಲದಲ್ಲಿ ದೂರದ ಮನೆಗೆ ಅದನ್ನು ನಾನು ಆರಿಸುವುದಿಲ್ಲ. ಉಡುಗೊರೆ ಹೆಚ್ಚು ದಿನ ಉಳಿಯಬೇಕೆಂಬ ಆಸೆಯಿದ್ದರೆ ಕುಂಡದಲ್ಲಿ ಬೆಳೆಯುವ ಗಿಡವನ್ನೂ ಯೋಚಿಸಬಹುದು.

ಲಿಲ್ಲಿಯ ಬಗ್ಗೆ ಮಾತ್ರ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಕ್ಕು ಸಾಕಿರುವ ಮನೆಗೆ ಲಿಲ್ಲಿಯನ್ನು ಎಂದಿಗೂ ಕಳುಹಿಸಬೇಡಿ. ಲಿಲಿಯಂ ಜಾತಿಯ ಹೂವಿನ ಎಸಳು, ಎಲೆ, ಪರಾಗ, ಕೊನೆಗೆ ಹೂದಾನಿಯ ನೀರೂ ಬೆಕ್ಕಿಗೆ ವಿಷ. ಮೈಗಂಟಿದ ಪರಾಗವನ್ನು ನೆಕ್ಕಿಕೊಂಡರೂ ಮೂತ್ರಪಿಂಡಗಳು ವಿಫಲವಾಗಿ ಸಾಯುವ ಅಪಾಯವಿದೆ. ಮನೆಯಲ್ಲಿ ಬೆಕ್ಕಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಗುಚ್ಛದಲ್ಲಿ ಲಿಲ್ಲಿ ಬೇಡವೆಂದು, ಬದಲಿ ಹೂವಾಗಿಯೂ ಬೇಡವೆಂದು, ಆರ್ಡರಿನಲ್ಲಿಯೇ ಬರೆಸಿ. ಬೆಕ್ಕಿಲ್ಲದ ಮನೆಗೆ ಕಳುಹಿಸುವಾಗಲೂ ಅರಳಿದ ಲಿಲ್ಲಿಯ ಪರಾಗಕೋಶಗಳನ್ನು ತೆಗೆದುಬಿಡಲು ಹೇಳಿ, ಏಕೆಂದರೆ ಆ ಪರಾಗದ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ.

ಆಸ್ಪತ್ರೆಗೆ ಕಳುಹಿಸುವ ಮುನ್ನ ಆ ವಾರ್ಡಿಗೆ ಹೂ ಬಿಡುತ್ತಾರೆಯೇ ಎಂದು ಅಲ್ಲಿಯೇ ವಿಚಾರಿಸಬೇಕು. ತೀವ್ರ ನಿಗಾ ಘಟಕಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದವರ ಬಳಿ ಮಣ್ಣಿನ ಕುಂಡವಂತೂ ಸಲ್ಲದು. ಬಿಡುವ ವಾರ್ಡಿಗಾದರೆ ಘಾಟು ವಾಸನೆಯಿಲ್ಲದ, ಹೂದಾನಿ ಸಹಿತವಾದ ಚಿಕ್ಕ ಗುಚ್ಛ ಸಾಕು. ಹಲವು ಸಲ, ಅವರು ಮನೆಗೆ ಮರಳಿದ ಮರುದಿನ ತಲುಪುವ ಹೂವೇ ಹೆಚ್ಚು ಹಿತವೆನಿಸುತ್ತದೆ.

ಹಣ ಮತ್ತು ದಿನಾಂಕ

ಒಪ್ಪುವ ಮೊದಲು ಹೂವಿನ ಬೆಲೆ, ತಲುಪಿಸುವ ಶುಲ್ಕ, ಸೇವಾ ಶುಲ್ಕ, ತೆರಿಗೆ ಎಲ್ಲ ಸೇರಿದ ಒಟ್ಟು ಮೊತ್ತವನ್ನು ನೋಡಿ. ಕೊನೆಯ ಪುಟದಲ್ಲಿ ಮಾತ್ರ ತಲೆಯೆತ್ತುವ ಶುಲ್ಕಗಳು ಒಳ್ಳೆಯ ಲಕ್ಷಣವಲ್ಲ. ವ್ಯಕ್ತಿಯೊಬ್ಬರ ಖಾತೆಗೆ ನೇರವಾಗಿ ಹಣ ಹಾಕಿ ಎನ್ನುವ ಅಪರಿಚಿತ ಅಂಗಡಿಗೆ ಹಣ ಕಳುಹಿಸಬೇಡಿ. ವಿವಾದವಾದರೆ ಬ್ಯಾಂಕಿನ ಮೂಲಕ ಹಣ ಮರಳಿ ಕೇಳಲು ಕಾರ್ಡ್ ಪಾವತಿಯಲ್ಲಿ ದಾರಿಯಿರುತ್ತದೆ. ಅಂಗಡಿಯ ಹೆಸರು, ಆರ್ಡರ್ ಸಂಖ್ಯೆ, ಹೂವಿನ ವಿವರ, ತಲುಪುವ ದಿನಾಂಕಗಳಿರುವ ರಸೀದಿಯನ್ನು ಪಡೆದು ಇಟ್ಟುಕೊಳ್ಳಿ, ಆರಿಸಿದ ಪುಟದ ಚಿತ್ರವನ್ನೂ ಉಳಿಸಿಕೊಳ್ಳಿ.

ಎಲ್ಲರೂ ಒಂದೇ ದಿನ ಹೂ ಕಳುಹಿಸುವ ಫೆಬ್ರವರಿ 14ರಂತಹ ದಿನಗಳಲ್ಲಿ ಬೆಲೆ ಏರುವುದು ಸಹಜ, ಕೆಲಸದ ಅವಸರದಲ್ಲಿ ಗುಣ ಇಳಿಯುವ ಅಪಾಯವೂ ಇದೆ. ಅಂತಹ ದಿನಕ್ಕೆ ಒಂದು ವಾರ ಮೊದಲೇ ಆರ್ಡರ್ ಕೊಡಿ, ಒಂದು ದಿನ ಮುಂಚೆಯೇ ತಲುಪಲಿ ಎಂದು ಹೇಳಿ. ಉಳಿದ ದಿನಗಳಿಗೆ ಎರಡು ಮೂರು ದಿನ ಮುಂಚಿತವಾಗಿ ಹೇಳಿದರೆ ಸಾಕು. ಅದೇ ದಿನ ತಲುಪಬೇಕಿದ್ದರೆ ಎಷ್ಟು ಗಂಟೆಯೊಳಗೆ ಆರ್ಡರ್ ಕೊಡಬೇಕೆಂದು ಕೇಳಿಕೊಳ್ಳಿ. ಬೇರೆ ದೇಶಕ್ಕೆ ಕಳುಹಿಸುವಾಗ ‘ನಾಳೆ’ ಎಂಬ ಪದವನ್ನು ಬಳಸಲೇಬೇಡಿ, ಅಲ್ಲಿನ ದಿನಾಂಕ ಮತ್ತು ವಾರದ ಹೆಸರನ್ನು ಬರೆಯಿರಿ, ಆ ದಿನ ಅಲ್ಲಿ ರಜೆಯೇ ಎಂಬುದನ್ನೂ ನೋಡಿಕೊಳ್ಳಿ.

ವಿಳಾಸ ಮತ್ತು ಕಾರ್ಡಿನ ಬರಹ

ಹೂ ತಲುಪದಿರಲು ವಿಳಾಸದ ಕೊರತೆಯೂ ಒಂದು ದೊಡ್ಡ ಕಾರಣ. ಪೂರ್ಣ ಹೆಸರು, ಮನೆ ಸಂಖ್ಯೆ, ಮಹಡಿ, ಕಟ್ಟಡದ ಗೇಟಿನ ನಿಯಮ, ಗುರುತಿಗೊಂದು ಸ್ಥಳ, ಪಡೆಯುವವರ ಫೋನ್ ನಂಬರು ಎಲ್ಲವೂ ಬೇಕು. ಅಚ್ಚರಿ ಕೆಡುತ್ತದೆಂದು ನಂಬರು ಕೊಡದೆ ಇರುವುದಕ್ಕಿಂತ, ‘ಬಾಗಿಲಲ್ಲಿ ಯಾರೂ ಸಿಗದಿದ್ದರೆ ಮಾತ್ರ ಕರೆ ಮಾಡಿ’ ಎಂದು ಬರೆಸುವುದು ಒಳ್ಳೆಯದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೂವನ್ನು ಪಕ್ಕದ ಮನೆಗೆ ಕೊಡಬಹುದೇ, ಹಿಂದಕ್ಕೆ ಒಯ್ಯಬೇಕೇ ಎಂಬುದನ್ನು ಮೊದಲೇ ತೀರ್ಮಾನಿಸಿ. ಬಿಸಿಲಿನಲ್ಲಿ ಹೊಸ್ತಿಲ ಮೇಲೆ ಬಿಟ್ಟ ಗುಚ್ಛ ಸಂಜೆಯವರೆಗೆ ಉಳಿಯುವುದಿಲ್ಲ. ಕಚೇರಿಗೆ ಕಳುಹಿಸುವುದಾದರೆ ವಾರಾಂತ್ಯದ ಹಿಂದಿನ ದಿನ ಬೇಡ, ಹೂ ಎರಡು ದಿನ ಖಾಲಿ ಕೋಣೆಯಲ್ಲಿ ನಿಲ್ಲುತ್ತದೆ. ಅಂತ್ಯಸಂಸ್ಕಾರಕ್ಕೆ ಕಳುಹಿಸುವ ಮುನ್ನ ಮನೆಯವರಿಗೆ ಹೂ ಬೇಕೋ ಬೇಡವೋ ಎಂದು ಅವರ ಆಪ್ತರೊಬ್ಬರನ್ನು ಕೇಳಿ, ಸ್ಥಳ ಮತ್ತು ಗಂಟೆಯನ್ನು ಎರಡು ಸಲ ಖಚಿತಪಡಿಸಿಕೊಳ್ಳಿ.

ಕಾರ್ಡಿನಲ್ಲಿ ಏನು ಅಚ್ಚಾಗಬೇಕೋ ಅದನ್ನು ಫೋನಿನಲ್ಲಿ ಹೇಳದೆ ಬರೆದೇ ಕಳುಹಿಸಿ. ಕೆಳಗೆ ನಿಮ್ಮ ಹೆಸರನ್ನು ಮರೆಯದೆ ಹಾಕಿ. ಯಾರು ಕಳುಹಿಸಿದರೆಂದು ತಿಳಿಯದೆ ಒದ್ದಾಡುವವರು ಎಷ್ಟೋ ಮಂದಿ. ದೂರದ ಊರಿನ ಅಂಗಡಿಯಲ್ಲಿ ನಿಮ್ಮ ಲಿಪಿ ಮುದ್ರಣವಾಗದಿರಬಹುದು, ಆಗ ನೀವೇ ಕೈಯಲ್ಲಿ ಬರೆದು ಫೋಟೋ ಕಳುಹಿಸಿ, ಅದನ್ನೇ ಮುದ್ರಿಸಿ ಅಂಟಿಸಲು ಕೋರಿ.

ಹೂ ತಲುಪಿದ ಮೇಲೆ

ಪಡೆದವರಿಂದ ಒಂದು ಫೋಟೋ ಕೇಳಿ. ಹೂ ಹೇಗಿದೆಯೆಂದು ನೋಡುವ ಆಸೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಾಜಾ ಗುಲಾಬಿಯ ಮೊಗ್ಗು ಬುಡದಲ್ಲಿ ಬಿಗಿಯಾಗಿರುತ್ತದೆ, ಒತ್ತಿದರೆ ಮೆತ್ತಗೆ ಕುಸಿಯುವುದಿಲ್ಲ. ಸೇವಂತಿಗೆಯಲ್ಲಿ ಎಲೆಗಳು ಮೊದಲು ಹಳದಿಯಾಗುತ್ತವೆ, ಹೂ ಆಮೇಲೆ ಬಾಡುತ್ತದೆ. ಆದ್ದರಿಂದ ಎಲೆಯನ್ನು ನೋಡಬೇಕು. ದಂಟಿನ ತುದಿ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದರೆ ಹೂ ಹಳೆಯ ನೀರಿನಲ್ಲಿ ಬಹಳ ದಿನ ನಿಂತಿದೆ. ಗುಲಾಬಿ ಅಥವಾ ಜರ್ಬೇರಾದ ಕುತ್ತಿಗೆ ಬಾಗಿದ್ದರೆ ನೀರು ದಂಟಿನಲ್ಲಿ ಮೇಲೇರುತ್ತಿಲ್ಲ. ಲಿಲ್ಲಿಯ ಕೆಲವು ಮೊಗ್ಗುಗಳು ಮುಚ್ಚಿರುವುದು ದೋಷವಲ್ಲ, ಅವು ಒಂದೊಂದಾಗಿ ಅರಳುತ್ತವೆ.

ಆರೈಕೆಯ ನಾಲ್ಕು ಮಾತನ್ನು ಪಡೆದವರಿಗೂ ತಿಳಿಸಿ. ಹೂದಾನಿಯನ್ನು ಚೆನ್ನಾಗಿ ತೊಳೆದು, ದಂಟಿನ ಬುಡವನ್ನು ಹರಿತವಾದ ಕತ್ತರಿಯಿಂದ ಸುಮಾರು 2 ಸೆಂಟಿಮೀಟರಿನಷ್ಟು ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು, ಏಕೆಂದರೆ ಕೊಳೆತ ಎಲೆಯಿಂದ ಬೆಳೆಯುವ ಬ್ಯಾಕ್ಟೀರಿಯಾ ದಂಟಿನ ನಾಳಗಳನ್ನು ಮುಚ್ಚಿಬಿಡುತ್ತದೆ. ಅಂಗಡಿಯವರು ಕೊಡುವ ಪುಡಿಯಲ್ಲಿ ಹೂವಿಗೆ ಸಕ್ಕರೆ, ನೀರು ಸುಲಭವಾಗಿ ಏರಲು ಆಮ್ಲ, ಬ್ಯಾಕ್ಟೀರಿಯಾ ತಡೆಯುವ ಪದಾರ್ಥ ಮೂರೂ ಇರುತ್ತವೆ. ಹೇಳಿದಷ್ಟು ನೀರಿಗೆ ಅಳತೆಯಂತೆಯೇ ಹಾಕಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬಿಸಿಲಿನಿಂದಲೂ ಮಾಗುವ ಹಣ್ಣಿನ ಬುಟ್ಟಿಯಿಂದಲೂ ದೂರ ಇಡಬೇಕು. ಹಣ್ಣು ಬಿಡುವ ಎಥಿಲೀನ್ ಅನಿಲ ಕಾರ್ನೇಷನ್‌ನಂತಹ ಹೂಗಳನ್ನು ಬೇಗ ಮುದುಡಿಸುತ್ತದೆ.

ಹೂ ಬಂದಿಲ್ಲ, ಬಾಡಿ ಬಂದಿದೆ, ಹೇಳಿದ್ದಕ್ಕೂ ಬಂದದ್ದಕ್ಕೂ ಸಂಬಂಧವಿಲ್ಲ ಎಂದಾದರೆ ಅದೇ ದಿನ, ತಡವೆಂದರೆ ಮರುದಿನ, ಫೋಟೋ ಸಹಿತ ಅಂಗಡಿಗೆ ತಿಳಿಸಿ. ಬಾಡುವ ವಸ್ತುವಾದ್ದರಿಂದ ವಾರ ಕಳೆದ ಮೇಲೆ ಹೇಳಿದ ದೂರಿಗೆ ಆಧಾರ ಉಳಿಯುವುದಿಲ್ಲ. ಸಿಟ್ಟಿನ ಮಾತು ಬೇಡ, ಬೇಕಾದ್ದನ್ನು ನೇರವಾಗಿ ಹೇಳಿ: ಹೊಸ ಗುಚ್ಛ ಕಳುಹಿಸಬೇಕೋ, ಹಣ ಮರಳಿಸಬೇಕೋ. ಒಳ್ಳೆಯ ಅಂಗಡಿಯವರು ಹೊಸದನ್ನು ಕಳುಹಿಸಲು ತಾವೇ ಮುಂದಾಗುತ್ತಾರೆ. ಅವರ ನಂಬರನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳಿ. ಉತ್ತರವೇ ಬಾರದಿದ್ದರೆ ರಸೀದಿ, ಪುಟದ ಚಿತ್ರ, ಬಂದ ಹೂವಿನ ಫೋಟೋ, ನೀವು ಕಳುಹಿಸಿದ ಸಂದೇಶಗಳನ್ನು ಒಟ್ಟುಮಾಡಿ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ದಾಖಲಿಸಿ. ಹಾಗೆಯೇ, ‘ನಿಮಗೊಂದು ಹೂಗುಚ್ಛ ಬಂದಿದೆ, ತಲುಪಿಸಲು ಸಣ್ಣದೊಂದು ಶುಲ್ಕವನ್ನು ಈ ಕೊಂಡಿಯಲ್ಲಿ ಕಟ್ಟಿ’ ಎಂಬ ಸಂದೇಶ ಯಾರಿಗಾದರೂ ಬಂದರೆ ಕೊಂಡಿಯನ್ನು ತೆರೆಯದಿರಲು ಹೇಳಿ. ತಲುಪಿಸುವ ಶುಲ್ಕವನ್ನು ಕಳುಹಿಸಿದವರು ಆರ್ಡರ್ ಕೊಡುವಾಗಲೇ ಕಟ್ಟಿರುತ್ತಾರೆ, ಹೂ ಪಡೆಯುವವರ ಕಾರ್ಡಿನ ವಿವರ ಯಾವ ಅಂಗಡಿಗೂ ಬೇಕಿಲ್ಲ.